ಮೂತ್ರಕೋಶ ಉಳಿಸಿಕೊಳ್ಳುವ ದಾರಿ

ಮೂತ್ರ ಕೆಂಪಗೆ ಹೋಯಿತು, ನೋವಿರಲಿಲ್ಲ, ಎರಡು ದಿನದಲ್ಲಿ ತಾನಾಗಿಯೇ ಸರಿಹೋಯಿತು. ಉಷ್ಣ ಆಗಿರಬೇಕು ಎಂದು ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾದರು. ಮೂತ್ರಕೋಶದ ಕ್ಯಾನ್ಸರು ಎಷ್ಟೋ ಮನೆಗಳಿಗೆ ಕಾಲಿಡುವುದು ಹೀಗೆ. ನೋವಿಲ್ಲದೆ ಬರುವ ರಕ್ತವನ್ನೇ ಹೆಚ್ಚು ಅನುಮಾನಿಸಬೇಕು, ಬೀಡಿ ಸಿಗರೇಟು ಸೇದಿದವರಂತೂ ಒಂದು ದಿನವೂ ತಡಮಾಡಬಾರದು. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಈ ಗಡ್ಡೆಯನ್ನು ಗುರುತಿಸಿದ. ಅಂಥದೇ ರಾಸಾಯನಿಕಗಳು ತಂಬಾಕಿನ ಹೊಗೆಯಲ್ಲೂ ಇವೆ. ಅವು ರಕ್ತಕ್ಕಿಳಿದು, ಮೂತ್ರಪಿಂಡದಲ್ಲಿ ಸೋಸಿ ಬಂದು, ಮೂತ್ರಕೋಶದ ಒಳಪದರಕ್ಕೆ ತಾಗಿ ಗಂಟೆಗಟ್ಟಲೆ ನಿಲ್ಲುತ್ತವೆ.

ಗಡ್ಡೆ ಒಳಪದರದಲ್ಲೇ ಇದ್ದರೆ ಮೂತ್ರದ್ವಾರದ ಮೂಲಕವೇ ಕೆರೆದು ತೆಗೆದು, ಒಳಗೆ ಔಷಧಿ ಬಿಟ್ಟು ನಿಭಾಯಿಸುತ್ತಾರೆ. ಸ್ನಾಯುವಿಗೆ ಇಳಿಯಿತೆಂದರೆ ಮಾತು ಬದಲಾಗುತ್ತದೆ. ಮೂತ್ರಕೋಶವನ್ನೇ ತೆಗೆಯುವುದು, ಗಂಡಸರಲ್ಲಿ ಜೊತೆಗೆ ಪ್ರಾಸ್ಟೇಟ್, ಹೆಂಗಸರಲ್ಲಿ ಸಾಮಾನ್ಯವಾಗಿ ಗರ್ಭಕೋಶ. ಆಮೇಲೆ ಕರುಳಿನ ತುಂಡೊಂದರಿಂದ ದಾರಿ ಮಾಡಿ ಹೊಟ್ಟೆಯ ಮೇಲೆ ಚೀಲ ಅಂಟಿಸುವುದು. ಈ ಶಸ್ತ್ರಚಿಕಿತ್ಸೆ ಸಾವಿರಾರು ಜೀವ ಉಳಿಸಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಇನ್ನೊಂದು ದಾರಿಯಿದೆ ಎಂಬುದನ್ನು ಕೇಳದೆಯೇ ಎಷ್ಟೋ ರೋಗಿಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾರೆ. ನನಗೆ ಸಂಕಟವಾಗುವುದು ಅಲ್ಲಿ.

ಆ ದಾರಿಯಲ್ಲಿ ಮೂರು ಕೆಲಸ ಸೇರಿಕೊಳ್ಳುತ್ತವೆ. ಕಾಣುವ ಗಡ್ಡೆಯನ್ನೆಲ್ಲ ಮೊದಲು ಕೆರೆದು ತೆಗೆಯುವುದು, ನಂತರ ವಿಕಿರಣ, ಅದರ ಜೊತೆಜೊತೆಗೇ ಕಿಮೋ. ಕಿಮೋ ಇಲ್ಲಿ ಕಿರಣದ ಹೊಡೆತಕ್ಕೆ ಕ್ಯಾನ್ಸರ್ ಕೋಶಗಳನ್ನು ಇನ್ನಷ್ಟು ಮೆತ್ತಗಾಗಿಸುತ್ತದೆ. ಬ್ರಿಟನ್ನಿನ ಬಿಸಿ2001 ಅಧ್ಯಯನ 360 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಎರಡು ವರ್ಷದ ಹೊತ್ತಿಗೆ ಮೂತ್ರಕೋಶ ಮತ್ತು ಕಿಬ್ಬೊಟ್ಟೆಯಲ್ಲಿ ರೋಗ ಮರಳದೆ ಇದ್ದವರು ಬರೀ ವಿಕಿರಣ ಪಡೆದವರಲ್ಲಿ ಶೇ. 54, ಕಿಮೋ ಸೇರಿಸಿದವರಲ್ಲಿ ಶೇ. 67.

ಹಾಗಾದರೆ ತೆಗೆಸುವುದು ಮೇಲೋ, ಉಳಿಸುವುದು ಮೇಲೋ? ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಲು ಬ್ರಿಟನ್ನಿನಲ್ಲಿ ಹೊರಟ ಅಧ್ಯಯನಕ್ಕೆ ಸಾಕಷ್ಟು ಜನ ಸೇರಲೇ ಇಲ್ಲ. ಇಂಥ ವಿಷಯದಲ್ಲಿ ಯಾರು ತಾನೇ ಚೀಟಿಗೆ ತಲೆಬಾಗುತ್ತಾರೆ? ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳ 722 ರೋಗಿಗಳ ದಾಖಲೆಗಳನ್ನು ಹೋಲಿಸಿದ ವರದಿ 2023ರಲ್ಲಿ ಬಂತು. ಐದು ವರ್ಷದ ನಂತರ ರೋಗ ದೂರದ ಅಂಗಗಳಿಗೆ ಹರಡದೆ ಬದುಕಿದ್ದವರು ಶಸ್ತ್ರಚಿಕಿತ್ಸೆಯಲ್ಲಿ ಶೇ. 74, ಉಳಿಸಿಕೊಂಡವರಲ್ಲಿ ಶೇ. 75. ಒಂದು ಎಚ್ಚರ ಬೇಕು: ಇವರೆಲ್ಲ ಎರಡೂ ಚಿಕಿತ್ಸೆಗೆ ಅರ್ಹರಾಗಿದ್ದವರು. ಗಡ್ಡೆ ಒಂದೇ ಇರಬೇಕು, ಎರಡೂ ಮೂತ್ರಪಿಂಡ ಊದಿಕೊಂಡಿರಬಾರದು, ಮೂತ್ರಕೋಶ ತನ್ನ ಕೆಲಸ ಮಾಡುತ್ತಿರಬೇಕು. ಮೂತ್ರನಾಳ, ಮೂತ್ರಪಿಂಡದ ಒಳಭಾಗದ ಕ್ಯಾನ್ಸರಿಗೆ ಈ ಮಾತು ಹೊಂದುವುದಿಲ್ಲ, ಅಲ್ಲಿ ಶಸ್ತ್ರಚಿಕಿತ್ಸೆಯೇ ಮುಖ್ಯ.

ವಿಕಿರಣವೆಂದರೆ ಜನ ‘ಕರೆಂಟ್ ಕೊಡ್ತಾರೆ’ ಎಂದು ಹೆದರುತ್ತಾರೆ. ಮೇಜಿನ ಮೇಲೆ ನಡೆಯುವುದೇನು ಎಂದು ಹೇಳುತ್ತೇನೆ. ರೋಗಿ ಮೂತ್ರ ಮಾಡಿ ಬಂದು ಅಂಗಾತ ಮಲಗುತ್ತಾನೆ. ಸೊಂಟದ ಎರಡು ಪಕ್ಕ ಮತ್ತು ನಡುವೆ ಹಚ್ಚೆಯ ಸಣ್ಣ ಚುಕ್ಕೆಗಳಿರುತ್ತವೆ. ಗೋಡೆಯಿಂದ ಬರುವ ಲೇಸರ್ ಗೆರೆಗಳು ಆ ಚುಕ್ಕೆಗಳ ಮೇಲೆ ಕೂರುವವರೆಗೆ ತಂತ್ರಜ್ಞರು ಮೈಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾರೆ. ಯಂತ್ರ ಸುತ್ತ ತಿರುಗಿ ಮೊದಲು ಒಂದು ಸ್ಕ್ಯಾನ್ ತೆಗೆಯುತ್ತದೆ, ಏಕೆಂದರೆ ಮೂತ್ರಕೋಶ ನಿನ್ನೆ ಇದ್ದ ಅಳತೆಯಲ್ಲಿ ಇವತ್ತು ಇರುವುದಿಲ್ಲ. ಕೆಲವು ಕಡೆ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ನಕ್ಷೆ ಮೊದಲೇ ಸಿದ್ಧಮಾಡಿಟ್ಟು, ಆ ದಿನದ ಸ್ಕ್ಯಾನಿಗೆ ಒಪ್ಪುವುದನ್ನು ಆರಿಸುತ್ತಾರೆ. ಕಿರಣ ಹಾಯುವಾಗ ನೋವಿಲ್ಲ, ಬಿಸಿಯಿಲ್ಲ. ಕೆಲವು ನಿಮಿಷಗಳಲ್ಲಿ ಎದ್ದು ಹೋಗಬಹುದು.

ಹಳೆಯ ಲೆಕ್ಕ 32 ಕಂತುಗಳಲ್ಲಿ 64 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ಆರೂವರೆ ವಾರ. 55 ಗ್ರೇಯನ್ನು 20 ಕಂತುಗಳಲ್ಲಿ ಕೊಟ್ಟರೂ ಫಲ ಕಡಿಮೆಯಾಗದು ಎಂದು ಬ್ರಿಟನ್ನಿನ ಎರಡು ಅಧ್ಯಯನಗಳನ್ನು ಕೂಡಿಸಿ ನೋಡಿದ ವಿಶ್ಲೇಷಣೆ 2021ರಲ್ಲಿ ತೋರಿಸಿತು. ಲಿಂಗಸುಗೂರಿನಿಂದ ಬೆಂಗಳೂರಿಗೆ ಬಂದು, ಬಾಡಿಗೆ ಕೋಣೆ ಹಿಡಿದು, ಜೊತೆಗೊಬ್ಬರನ್ನು ಕೆಲಸ ಬಿಡಿಸಿ ಕರೆತಂದವರಿಗೆ ಆರೂವರೆ ವಾರ ನಾಲ್ಕಕ್ಕಿಳಿಯುವುದು ಸಣ್ಣ ವಿಷಯವಲ್ಲ. ದೂರದಿಂದ ಬಂದವರಿಗೆ, ಅವರು ಕೇಳದಿದ್ದರೂ, ಈ ಆಯ್ಕೆಯನ್ನು ವೈದ್ಯರೇ ಹೇಳಬೇಕು.

ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಎರಡನೆಯ ವಾರದ ಹೊತ್ತಿಗೆ ಉರಿಮೂತ್ರ, ಪದೇಪದೇ ಹೋಗಬೇಕೆನ್ನುವ ಅವಸರ, ಕೆಲವರಿಗೆ ಭೇದಿ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತವೆ. ಕೆಲವರಿಗೆ ವರ್ಷಗಳ ನಂತರ ಮೂತ್ರಕೋಶ ಕುಗ್ಗಬಹುದು, ರಕ್ತ ಕಾಣಿಸಬಹುದು.

ಉಳಿಸಿಕೊಂಡ ಮೂತ್ರಕೋಶಕ್ಕೆ ಕಾವಲು ಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ದುರ್ಬೀನು ಹಾಕಿ ಒಳಗೆ ನೋಡಬೇಕು, ಆಮೇಲೆ ಅಂತರ ಹೆಚ್ಚಿಸಬಹುದು, ಬಿಡುವಂತಿಲ್ಲ. ರೋಗ ಒಳಪದರದಲ್ಲಿ ಮರಳಿದರೆ ಮತ್ತೆ ಕೆರೆದು ತೆಗೆಯಬಹುದು. ಸ್ನಾಯುವಿನಲ್ಲಿ ಮರಳಿದರೆ ಆಗ ಮೂತ್ರಕೋಶ ತೆಗೆಸಬೇಕು, ವಿಕಿರಣ ತಗುಲಿದ ಜಾಗದಲ್ಲಿ ಆ ಶಸ್ತ್ರಚಿಕಿತ್ಸೆ ಇನ್ನಷ್ಟು ಕಷ್ಟದ್ದು. 2023ರ ವರದಿಯಲ್ಲಿ ಉಳಿಸಿಕೊಳ್ಳಲು ಹೊರಟ 282 ಮಂದಿಯಲ್ಲಿ 38 ಜನ ಮೂತ್ರಕೋಶ ತೆಗೆಸಬೇಕಾಯಿತು.