ಅನುದಾನಿತ ಶಾಲೆಯ ಮಾಸ್ತರರ ಪಗಾರ

ಬ್ರಿಟಿಷರ ಕಾಲದ ಅನುದಾನಿತ ಶಾಲೆಗಳಲ್ಲಿ ಮಾಸ್ತರರ ಪಗಾರ ಎಷ್ಟಿತ್ತು ಎಂದು ಎಲ್ಲರೂ ಕೇಳುತ್ತಾರೆ. ಅದು ಯಾರ ಕೈ ದಾಟಿ ಬರುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಅಸಲು ವಿಷಯ ಇರುವುದು ಅಲ್ಲಿ.

ಊರೂರಿಗೂ ತಾನೇ ಶಾಲೆ ತೆರೆಯುವ ಮನಸ್ಸು ಸರ್ಕಾರಕ್ಕಿರಲಿಲ್ಲ. ಮಿಷನ್ನಿನವರೋ ಊರ ಪ್ರಮುಖರೋ ನಡೆಸಲಿ, ನಾವು ಒಂದಿಷ್ಟು ಹಣ ಕೊಡುತ್ತೇವೆ ಎಂದಿತು 1854ರ ವುಡ್ ಆದೇಶಪತ್ರ. ತಪಾಸಣೆಗೆ ಒಪ್ಪಬೇಕು, ಮಕ್ಕಳಿಂದ ಅಷ್ಟಿಷ್ಟಾದರೂ ಫೀ ಪಡೆಯಬೇಕು ಎಂಬ ಷರತ್ತುಗಳಿದ್ದವು. ಅನುದಾನ ಸೇರುತ್ತಿದ್ದುದು ಶಾಲೆಯ ಮ್ಯಾನೇಜರರಿಗೆ. ಮಾಸ್ತರರಿಗೆ ಸಿಗುತ್ತಿದ್ದುದು ಅವರು ಎಣಿಸಿ ಕೊಟ್ಟಷ್ಟು.

ಇದರ ಮೇಲೆ ಇಂಗ್ಲೆಂಡಿನಿಂದ ಇನ್ನೊಂದು ಪದ್ಧತಿ ಬಂತು: ಫಲಿತಾಂಶ ನೋಡಿ ಹಣ. ಅಲ್ಲಿನ 1862ರ ನಿಯಮದಲ್ಲಿ ಪರೀಕ್ಷೆಗೆ ಕುಳಿತ ಮಗುವಿನ ಲೆಕ್ಕಕ್ಕೆ 8 ಶಿಲಿಂಗ್. ಓದು, ಬರಹ, ಲೆಕ್ಕ, ಈ ಮೂರರಲ್ಲಿ ಯಾವುದರಲ್ಲಿ ತಪ್ಪಿದರೂ 2 ಶಿಲಿಂಗ್ 8 ಪೆನ್ಸ್ ಕಡಿತ. ಮೂರರಲ್ಲೂ ನಪಾಸಾದರೆ ಆ ಹುಡುಗನ ಬಾಬ್ತು ಸೊನ್ನೆ! ಸ್ವತಃ ಶಾಲಾ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದನ್ನು ಖಂಡಿಸಿದರು. ಆದರೂ ಅದೇ ದಶಕದಲ್ಲಿ ಮುಂಬಯಿ, ಮದರಾಸು ಪ್ರಾಂತಗಳಿಗೂ ಇದು ಕಾಲಿಟ್ಟಿತು. ಧಾರವಾಡ ಮೊದಲನೆಯದರಲ್ಲಿತ್ತು, ಮಂಗಳೂರು ಎರಡನೆಯದರಲ್ಲಿ. ಇನ್ನು ಇನ್ಸ್‌ಪೆಕ್ಟರ್ ಸಾಹೇಬರು ಬರುವ ದಿನ ಹುಡುಗನಿಗೆ ಜ್ವರ ಬಂದರೆ ನಷ್ಟ ಯಾರಿಗೆ, ನೀವೇ ಹೇಳಿ. ಅರ್ಥವಾಗಲಿ ಬಿಡಲಿ, ಮಗ್ಗಿ, ಪದ್ಯ ಎಲ್ಲ ಬಾಯಿಪಾಠ ಮಾಡಿಸುವುದೇ ಜಾಣತನವಾಯಿತು. ಇದಕ್ಕೆ ಮಾಸ್ತರರನ್ನು ದೂರುವುದು ನನಗೆ ನ್ಯಾಯವೆನಿಸುವುದಿಲ್ಲ.

1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಜ್ಯೋತಿಬಾ ಫುಲೆ ಸಲ್ಲಿಸಿದ ಮನವಿಯಲ್ಲಿ ಪ್ರಾಥಮಿಕ ಶಾಲೆಯ ತರಬೇತಾದ ಶಿಕ್ಷಕರಿಗೆ ತಿಂಗಳಿಗೆ 12 ರೂಪಾಯಿಗೆ ಕಡಿಮೆ ಬೇಡ, ದೊಡ್ಡ ಊರುಗಳಲ್ಲಿ 15-20 ಕೊಡಿ ಎಂದಿದ್ದರು. ಊರಿನ ಅಂಚೆ ಕೆಲಸ, ಛಾಪಾ ಕಾಗದ ಮಾರುವ ಕೆಲಸ ಅವರಿಗೇ ವಹಿಸಿದರೆ ಊರಲ್ಲಿ ಮರ್ಯಾದೆಯೂ ಹೆಚ್ಚುತ್ತದೆ ಎಂದೂ ಸೂಚಿಸಿದ್ದರು. ಬರಿಯ ಪಗಾರದಿಂದ ಮನೆ ನಡೆಯದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಫಲಿತಾಂಶದ ಪದ್ಧತಿಯನ್ನು ಕೈಬಿಡಬೇಕೆಂದು ಕರ್ಜನ್ ಸರ್ಕಾರ 1904ರ ನಿರ್ಣಯದಲ್ಲಿ ಹೇಳಿತು. ಮ್ಯಾನೇಜರರ ಕೈ ಮಾತ್ರ ನಡುವೆ ಹಾಗೆಯೇ ಉಳಿಯಿತು. ಮಲಬಾರಿನ ಅನುದಾನಿತ ಶಾಲೆಗಳಲ್ಲಿ ಮಾಸ್ತರರು ಪೂರ್ತಿ ಸಂಬಳಕ್ಕೆ ರುಜು ಹಾಕಿ ಅದಕ್ಕಿಂತ ಕಡಿಮೆ ಪಡೆಯುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಕೊನೆಗೆ 1957ರಲ್ಲಿ ಕೇರಳದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ಮಂಡಿಸಿದ ಮಸೂದೆ ಸಂಬಳವನ್ನು ಸರ್ಕಾರವೇ ನೇರವಾಗಿ ಕೊಡಬೇಕೆಂದಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಾಯ್ದೆ ಜಾರಿಗೆ ಬಂದದ್ದು 1959ರಲ್ಲಿ. ಕಾಸರಗೋಡು ಆಗಲೇ ಕೇರಳಕ್ಕೆ ಸೇರಿದ್ದರಿಂದ ಅಲ್ಲಿನ ಕನ್ನಡ ಅನುದಾನಿತ ಶಾಲೆಗಳೂ ಅದೇ ಕಾಯ್ದೆಯ ವ್ಯಾಪ್ತಿಗೆ ಬಂದವು.