ಹಳೆಯ ಲಾರಿಯ ಟೈರಾಡು

ಹಳೆಯ ಲಾರಿಯೊಂದನ್ನು ಮನೆಯ ಮುಂದೆ ನಿಲ್ಲಿಸಿಕೊಂಡು, ಬಾಡಿಗೆಯಿಂದ ಸಂಸಾರ ಸಾಗಿಸುವವರು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಸಣ್ಣ ರಿಪೇರಿಗಳನ್ನು ಅವರು ತಾವೇ ಮಾಡಿಕೊಳ್ಳುವುದೂ ಉಂಟು. ಅಂಥ ಕೆಲಸಗಳಲ್ಲಿ ಒಂದನ್ನು ಕುರಿತು ಇಂದು ನಿಮ್ಮೊಡನೆ ಎರಡು ಮಾತು. 1986ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ 407 ಲಾರಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಸ್ಟೀರಿಂಗನ್ನು ತಿರುಗಿಸಿದಾಗ ಮುಂದಿನ ಚಕ್ರಗಳೆರಡೂ ಒಟ್ಟಿಗೆ ತಿರುಗುತ್ತವಷ್ಟೆ. ಅವನ್ನು ಜೊತೆಗೂಡಿಸುವುದು ಅಡ್ಡಲಾಗಿರುವ ಟೈರಾಡು. ಅದರ ತುದಿಗಳಲ್ಲಿ ಒಂದೊಂದು ಬಾಲ್ ಜಾಯಿಂಟು, ನಮ್ಮ ಭುಜದ ಕೀಲಿನ ಹಾಗೆ. ಮೇಲಿನ ರಬ್ಬರು ಹರಿದು ಕೆಸರು ಒಳಹೊಕ್ಕರೆ ಗುಂಡು ಸವೆಯುತ್ತದೆ. ಸವೆದ ಗುಂಡು ಓಟದಲ್ಲಿ ಕಳಚಿಕೊಂಡರೆ ಒಂದು ಚಕ್ರ ಚಾಲಕನ ಮಾತು ಕೇಳುತ್ತದೆ, ಇನ್ನೊಂದು ಕೇಳದು.

ಸ್ಟೀರಿಂಗ್ ಸಡಿಲವಾಯಿತೆಂದೊಡನೆ ಬಿಡಿಭಾಗದ ಅಂಗಡಿಗೆ ಓಡಬೇಡಿ. ದೋಷ ಕಿಂಗ್‌ಪಿನ್ನಿನಲ್ಲಿರಬಹುದು, ಸ್ಟೀರಿಂಗ್ ಬಾಕ್ಸಿನಲ್ಲಿಯೂ ಇರಬಹುದು. ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮನೆಯವರೊಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸಲಿ. ನೀವು ಜಾಯಿಂಟಿನ ಮೇಲೆ ಕೈಯಿಟ್ಟು ನೋಡಿ. ಗುಂಡು ಬಟ್ಟಲೊಳಗೆ ಟಕ್ಕೆಂದು ಆಡಿದರೆ ಕೈಗೇ ತಿಳಿಯುತ್ತದೆ. ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ, ಕಿಂಗ್‌ಪಿನ್ನನ್ನೋ ಬೇರಿಂಗನ್ನೋ ನೋಡಬೇಕು.

ಬಿಚ್ಚುವ ಮೊದಲು ಆಕ್ಸಲ್ಲಿನ ಕೆಳಗೆ ಗಟ್ಟಿ ಸ್ಟ್ಯಾಂಡು ಕೊಡಿ. ಬರೀ ಜಾಕಿಯನ್ನು ನಂಬಿ ಲಾರಿಯ ಕೆಳಗೆ ಮಲಗುವವರ ಧೈರ್ಯವನ್ನು ನಾನು ಮೆಚ್ಚಲಾರೆ.

ಹಳೆಯ ಜಾಯಿಂಟಿನ ಪಿನ್ನಿನ ನಡುವಿನಿಂದ ರಾಡಿನ ತುದಿಯವರೆಗಿನ ಅಳತೆಯನ್ನು ಬರೆದಿಡಿ. ಸ್ಪ್ಲಿಟ್ ಪಿನ್ನು ತೆಗೆದು, ನಟ್ಟನ್ನು ಸಡಿಲಿಸಿ, ಕೆಲವು ಸುತ್ತು ಹಾಗೆಯೇ ಬಿಡಿ. ಪಿನ್ನು ಮೊನಚಾಗಿ ತೋಳಿನಲ್ಲಿ ಬಿಗಿದು ಕುಳಿತಿರುತ್ತದೆ. ಪಿನ್ನಿನ ತುದಿಗೆ ಹೊಡೆದರೆ ಥ್ರೆಡ್ಡು ಕೆಡುವುದೇ ಹೊರತು ಬಿಚ್ಚದು. ತೋಳಿನ ಕಣ್ಣಿನ ಪಕ್ಕಕ್ಕೆ ಒಂದು ಭಾರದ ಸುತ್ತಿಗೆಯನ್ನು ಒತ್ತಿಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಜೋರಾಗಿ ಹೊಡೆಯಿರಿ, ಸಡಿಲವಾಗಿ ಬೀಳುತ್ತದೆ. ಕ್ಲಾಂಪು ಸಡಿಲಿಸಿ, ಎಷ್ಟು ಸುತ್ತಿಗೆ ಹೊರಬರುವುದೆಂದು ಎಣಿಸುತ್ತ ಬಿಚ್ಚಿ. ರಾಡಿನ ಒಂದು ತುದಿಗೆ ಸಾಮಾನ್ಯವಾಗಿ ಎಡಗೈ ಥ್ರೆಡ್ಡು ಇರುತ್ತದೆ. ತಿಳಿಯದೆ ತಿರುಗಿಸಿದರೆ ಬಿಗಿಯಾಗುತ್ತಲೇ ಹೋಗುತ್ತದೆ.

ಹೊಸದನ್ನು ಅಷ್ಟೇ ಸುತ್ತಿಗೆ ಕೂರಿಸಿ, ಬರೆದಿಟ್ಟ ಅಳತೆಗೆ ಹೊಂದಿಸಿ. ನಟ್ಟನ್ನು ತಯಾರಕರ ಪುಸ್ತಕ ಹೇಳುವಷ್ಟು ಬಿಗಿಯಿರಿ. ತೂತು ಸರಿಹೊಂದದಿದ್ದರೆ ಇನ್ನಷ್ಟು ಬಿಗಿಮಾಡಿ ಹೊಂದಿಸಬೇಕು, ಸಡಿಲಿಸಕೂಡದು. ಹಳೆಯ ಸ್ಪ್ಲಿಟ್ ಪಿನ್ನನ್ನೇ ನೇರ ಮಾಡಿ ಹಾಕುವ ಉಳಿತಾಯ ಬೇಡ. ಹೊಸ ಪಿನ್ನಿಗೆ ತಗಲುವುದು ಚಿಲ್ಲರೆ ಕಾಸು. ಕ್ಲಾಂಪನ್ನು ಮರೆಯದೆ ಬಿಗಿಮಾಡಿ, ನಿಪ್ಪಲ್ ಇದ್ದರೆ ರಬ್ಬರು ತುಸು ಉಬ್ಬುವವರೆಗೆ ಗ್ರೀಸು ತುಂಬಿ.

ಮನೆಯ ಕೆಲಸ ಇಲ್ಲಿಗೆ ಮುಗಿಯಿತು, ಲಾರಿಯ ಕೆಲಸ ಮುಗಿಯಲಿಲ್ಲ. ಅಳತೆ ಎಷ್ಟೇ ಜೋಪಾನವಾಗಿ ಹಿಡಿದಿದ್ದರೂ ಚಕ್ರಗಳ ನೇರ ಒಂದೆರಡು ಮಿಲಿಮೀಟರು ಓರೆಯಾಗಿರಬಹುದು, ಅಷ್ಟೇ ಸಾಕು ಹೊಸ ಟೈರನ್ನು ತಿಂದುಹಾಕಲು. ಮೆಲ್ಲಗೆ ಓಡಿಸಿಕೊಂಡು ಹೋಗಿ ಅಲೈನ್‌ಮೆಂಟ್ ಮಾಡಿಸಿ. ಕ್ಲಾಂಪನ್ನೂ ಸ್ಪ್ಲಿಟ್ ಪಿನ್ನನ್ನೂ ಮೊದಲ ಬಾಡಿಗೆ ಮುಗಿಸಿ ಬಂದ ಸಂಜೆ ಇನ್ನೊಮ್ಮೆ ಬಗ್ಗಿ ನೋಡಿ.