ಬಾವಿಯ ನೀರಿನ ಪ್ರಚ್ಛನ್ನ ಶಕ್ತಿ



ಇಂಥ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳು ಸಾಧನೆಯ ಕಥೆ ಹೇಳುವುದು ವಾಡಿಕೆ. ನಾನು ಒಂಬತ್ತನೇ ತರಗತಿಯಲ್ಲಿ ನನಗೆ ಅರ್ಥವಾಗದೆ ಉಳಿದ ಒಂದು ಪಾಠದ ಬಗ್ಗೆ ಹೇಳುತ್ತೇನೆ. ಮುಖ್ಯೋಪಾಧ್ಯಾಯರು ಹತ್ತು ನಿಮಿಷ ಕೊಟ್ಟಿದ್ದಾರೆ, ಅದಕ್ಕೆ ಅಷ್ಟು ಸಾಕು.

ಪಾಠ ಪ್ರಚ್ಛನ್ನ ಶಕ್ತಿಯದು. ಕಪ್ಪುಹಲಗೆಯ ಮೇಲೆ ಸೂತ್ರ ಬಂತು: ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಈ ಮೂರರ ಗುಣಲಬ್ಧ. ನೆಲದ ಮೇಲಿರುವ ವಸ್ತುವಿಗೆ ಎತ್ತರ ಸೊನ್ನೆ, ಆದ್ದರಿಂದ ಶಕ್ತಿಯೂ ಸೊನ್ನೆ. ನಾನು ಎದ್ದು ನಿಂತು, "ಸಾರ್, ಬಾವಿಯಿಂದ ಸೇದಿ ನೆಲದ ಮೇಲಿಟ್ಟ ಕೊಡದ ನೀರಿಗೂ ಸೊನ್ನೆಯಾ? ಹಾಗಾದ್ರೆ ನಮ್ಮಮ್ಮ ಅಷ್ಟು ಹೊತ್ತು ಸೇದಿದ್ದು ಎಲ್ಲಿಗೆ ಹೋಯ್ತು?" ಎಂದೆ. ಇಡೀ ತರಗತಿ ನಕ್ಕಿತು. (ನಕ್ಕವರಲ್ಲಿ ಮೂವರು ಈಗ ನನ್ನ ಎದುರಿಗೇ ಕುಳಿತಿದ್ದಾರೆ.) ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಷ್ಟ್ರು "ನಾಳೆ ನೋಡೋಣ" ಅಂದರು. ಮಾರನೆಯ ದಿನ ಬೇರೆ ಪಾಠ. ನಾನೂ ಮತ್ತೆ ಕೇಳಲಿಲ್ಲ. ಆ ನಗುವಿನ ನಂತರ ಬಿ.ಇ. ಮುಗಿಯುವವರೆಗೂ ನಾನು ಯಾವ ತರಗತಿಯಲ್ಲೂ ಎದ್ದು ನಿಂತು ಪ್ರಶ್ನೆ ಕೇಳಿದ್ದಿಲ್ಲ. ಪ್ರಚ್ಛನ್ನ ಶಕ್ತಿಯ ಲೆಕ್ಕಗಳಿಗೆ ಮಾತ್ರ ಪೂರ್ತಿ ಅಂಕ ಬರುತ್ತಿತ್ತು.

ಹೋದ ವರ್ಷ ನನ್ನ ಅಕ್ಕನ ಮಗಳು ಅದೇ ಪಾಠ ಹಿಡಿದು ಬಂದಳು. "ಮಾಮ, ಮೇಲಕ್ಕೆತ್ತಿದ ಕಲ್ಲಿನಲ್ಲಿ ಶಕ್ತಿ ಎಲ್ಲಿ ಬಚ್ಚಿಟ್ಕೊಂಡಿರುತ್ತೆ?" ಅಂದಳು. ತಪ್ಪು ಅವಳದಲ್ಲ. ಪ್ರಚ್ಛನ್ನ ಎಂದರೆ ಮರೆಯಲ್ಲಿರುವುದು. ಆ ಪದ ಕೇಳಿದವರು ಕಲ್ಲಿನೊಳಗೇ ಹುಡುಕುತ್ತಾರೆ. ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ 1853ರಲ್ಲಿ ಇಂಗ್ಲಿಷಿನಲ್ಲಿ ಇಟ್ಟ 'ಪೊಟೆನ್ಷಿಯಲ್' ಎಂಬ ಹೆಸರೂ ಹೆಚ್ಚೇನೂ ಸಹಾಯ ಮಾಡುವುದಿಲ್ಲ. ಕನ್ನಡದಲ್ಲಿ ಸ್ಥಾನದ ಶಕ್ತಿ ಎಂದಿದ್ದರೆ ನನ್ನಂಥವರಿಗೆ ಹದಿನೈದು ವರ್ಷ ಉಳಿಯುತ್ತಿತ್ತು.

ಅವಳಿಗೆ ಹೇಳಿಕೊಡಲು ಕುಳಿತಾಗ ನನಗೇ ಬಾವಿ ನೆನಪಾಯಿತು. ನಮ್ಮ ಬಾವಿಯಲ್ಲಿ ನೀರು ನಲವತ್ತು ಅಡಿ ಕೆಳಗೆ, ಸುಮಾರು 12 ಮೀಟರ್. ಕೊಡದಲ್ಲಿ 10 ಲೀಟರ್ ಅಂದರೆ 10 ಕಿಲೋ ನೀರು. ಹತ್ತನ್ನು 9.8ರಿಂದ, ಮತ್ತೆ 12ರಿಂದ ಗುಣಿಸಿದರೆ 1176 ಜೂಲ್. ನೀರನ್ನು ಭೂಮಿ ಕೆಳಕ್ಕೆ ಎಳೆಯುತ್ತಿದೆ, ಅಮ್ಮ ಆ ಎಳೆತಕ್ಕೆ ಎದುರಾಗಿ ಮೇಲಕ್ಕೆ ಸೇದಿದಳು. ಮೇಲೆ ಬಂದ ನೀರು ಬಿಸಿಯಾಗಿಲ್ಲ, ಅದರ ತೂಕ, ಬಣ್ಣ ಬದಲಾಗಿಲ್ಲ. ಬದಲಾದದ್ದು ನೀರಿಗೂ ಭೂಮಿಗೂ ನಡುವಿನ ಅಂತರ. ಆ 1176 ಜೂಲ್ ನೀರಿನೊಳಗಿಲ್ಲ; ನೀರು ಮತ್ತು ಭೂಮಿ ಇಬ್ಬರ ಜಂಟಿ ಖಾತೆಯಲ್ಲಿದೆ. ಹಗ್ಗ ಕೈಜಾರಿದರೆ ಅದೇ ಮೊತ್ತ ಬೀಳುವ ವೇಗವಾಗಿ ವಾಪಸು ಬರುತ್ತದೆ.

ಹಾಗಾದರೆ ನೆಲದ ಮೇಲೆ ಸೊನ್ನೆ ಎಂದದ್ದು ತಪ್ಪೇ? ತಪ್ಪಲ್ಲ. ಸೊನ್ನೆಯನ್ನು ಎಲ್ಲಿಡಬೇಕೆನ್ನುವುದು ನಮ್ಮ ಇಷ್ಟ. ನೆಲದಲ್ಲಿ ಇಟ್ಟರೆ ಬಾವಿಯೊಳಗಿನ ಆ ನೀರಿನದು ಋಣ 1176. ಬಾವಿಯ ನೀರಿನ ಮಟ್ಟದಲ್ಲಿ ಇಟ್ಟರೆ ಕೆಳಗೆ ಸೊನ್ನೆ, ಮೇಲೆ 1176. ವ್ಯತ್ಯಾಸ ಎರಡರಲ್ಲೂ ಒಂದೇ, ಅಮ್ಮ ಸೇದಿದ್ದೂ ಅಷ್ಟೇ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತಾರೆ. ಪ್ಲಾಟ್‌ಫಾರಂ ದಾಟಲು ಮೆಟ್ಟಿಲು ಹತ್ತುವವನಿಗೆ ಆ ಅಂಕಿ ಬೇಡ, ಮೆಟ್ಟಿಲು ಎಷ್ಟು ಅನ್ನುವುದು ಮಾತ್ರ ಬೇಕು. ನನ್ನ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು.

ಲೆಕ್ಕ ಶುರುವಾದ ಮೇಲೆ ನಿಲ್ಲಲಿಲ್ಲ. ಒಂದು ಯೂನಿಟ್ ವಿದ್ಯುತ್ ಅಂದರೆ 36 ಲಕ್ಷ ಜೂಲ್, ನಮ್ಮ ಬಾವಿಯಿಂದ 3061 ಕೊಡ. ಜೋಗದ 253 ಮೀಟರ್ ಎತ್ತರದಿಂದ ಸಾವಿರ ಲೀಟರ್ ನೀರು ಬಿದ್ದರೂ ಸುಮಾರು 25 ಲಕ್ಷ ಜೂಲ್, ಒಂದು ಯೂನಿಟ್ ಕೂಡ ಆಗುವುದಿಲ್ಲ. ಲಿಂಗನಮಕ್ಕಿಯಲ್ಲಿ ಅಷ್ಟು ದೊಡ್ಡ ಅಣೆಕಟ್ಟು ಯಾಕೆ ಬೇಕಾಯಿತು ಎಂದು ನನಗೆ ಆಗ ಹೊಳೆಯಿತು.

ಅಮ್ಮ ದಿನಕ್ಕೆ ಇಪ್ಪತ್ತು ಕೊಡ ಸೇದುತ್ತಿದ್ದಳು. ಅದು 23,520 ಜೂಲ್. ಒಂದೆರಡು ಕಡಲೆಕಾಯಿ ಬೀಜದಲ್ಲಿ ಇರುವಷ್ಟು. ಸಂಭ್ರಮದಿಂದ ಫೋನ್ ಮಾಡಿ ಹೇಳಿದೆ. "ಹಂಗಾದ್ರೆ ನನ್ ರಟ್ಟೆ ಯಾಕೋ ನೋಯ್ತಿತ್ತು?" ಅಂದಳು.

ಸೂತ್ರ ಕೊಡುವುದು ಖಾತೆಗೆ ಜಮೆಯಾದದ್ದರ ಲೆಕ್ಕ ಮಾತ್ರ. ಅದಕ್ಕಾಗಿ ದೇಹ ಅದರ ಹಲವು ಪಟ್ಟು ಖರ್ಚು ಮಾಡಿರುತ್ತದೆ, ಹೆಚ್ಚಿನದು ಮೈಯ ಬಿಸಿಯಾಗಿ ಹೋಗುತ್ತದೆ. ನಡುವೆ ಹಗ್ಗ ಹಿಡಿದು ಸುಮ್ಮನೆ ನಿಂತರೆ ನೀರಿನ ಖಾತೆಗೆ ಒಂದು ಜೂಲೂ ಸೇರುವುದಿಲ್ಲ, ಆದರೆ ಸ್ನಾಯು ದುಡಿಯುತ್ತಲೇ ಇರುತ್ತದೆ. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ಅದನ್ನ ಪುಸ್ತಕದಲ್ಲಿ ಬರೆಯಲ್ವಾ?" ಎಂದು ಕೇಳಿದಳು.

ಮಕ್ಕಳೇ, ನನ್ನ ಲೆಕ್ಕದಲ್ಲಿ ಎಲ್ಲಾದರೂ ಅನುಮಾನವಿದ್ದರೆ ಈಗಲೇ ಎದ್ದು ಕೇಳಿ. ಇನ್ನೂ ಎರಡು ನಿಮಿಷ ಇದೆ.